ಬಿಡಿಸಿ ಹೇಳುವ ಸುಖ

ಪತ್ರಿಕೆಯ ಪದಬಂಧದ ಪಕ್ಕದಲ್ಲಿ ‘ನಿನ್ನೆಯ ಉತ್ತರ’ ಎಂಬ ಪುಟ್ಟ ಚೌಕ ಇರುತ್ತದಲ್ಲ, ಅದರ ಮೇಲೆ ನನಗೆ ಮೊದಲಿನಿಂದಲೂ ಒಂದು ಅಸಮಾಧಾನ. ಎಲ್ಲ ಮನೆಗಳೂ ಭರ್ತಿಯಾಗಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಏನೂ ಮಾತಾಡದೆ ಕೂತಿರುತ್ತದೆ. ಬೆಳಗಿನ ಕಾಫಿಗೆ ಹಿಡಿದ ಸುಳಿವನ್ನು ರಾತ್ರಿ ಮಲಗುವಾಗಲೂ ಬಿಡದೆ ಒದ್ದಾಡಿದವನಿಗೆ ಉತ್ತರ ಯಾವುದೆಂದು ಅಲ್ಲಿ ತಿಳಿಯುತ್ತದೆ. ಅದು ಯಾಕೆ ಉತ್ತರ ಎಂದು ತಿಳಿಯುವುದಿಲ್ಲ. ಲೆಕ್ಕದ ಪುಸ್ತಕದ ಕೊನೆಯ ಪುಟ ನೋಡಿ ಉತ್ತರವನ್ನಷ್ಟೇ ಬರೆದ ಹುಡುಗನಿಗೆ ಮೇಷ್ಟ್ರು ‘ಲೆಕ್ಕ ಮಾಡಿದ್ದೆಲ್ಲೋ?’ ಎಂದು ಕಿವಿ ಹಿಂಡುತ್ತಾರೆ. ಪತ್ರಿಕೆಯ ಕಿವಿ ಹಿಂಡುವವರು ಯಾರು?

ನಮ್ಮ ಮನೆಯ ಮಟ್ಟಿಗೆ ಆ ಕೊರತೆ ತುಂಬುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಪದಬಂಧ ಬಿಡಿಸುವುದು ಇಷ್ಟವೇ. ಅದಕ್ಕಿಂತ ಇಷ್ಟ, ಬಿಡಿಸಿ ಆದ ಮೇಲೆ ಒಂದೊಂದೇ ಸುಳಿವನ್ನು ಎತ್ತಿಕೊಂಡು ‘ಇದು ಹೀಗಾಯಿತು ನೋಡಿ’ ಎಂದು ಇನ್ನೊಬ್ಬರ ಮುಂದೆ ಹರವುವುದು. ಇದಕ್ಕೆ ಕೇಳುವ ಕಿವಿ ಬೇಕು. ದೇವರ ದಯೆ, ಎರಡು ರಸ್ತೆ ಆಚೆ ಭಾವ ಇದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸಾಧಿಸಿ ತೋರಿಸದ ಹೊರತು ಏನನ್ನೂ ಒಪ್ಪದವರು. ಅಕ್ಕನೂ ಇದ್ದಾಳೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, ಒಂದು ಮಾತೂ ಆಡದೆ, ಭಾವನಿಗಿಂತ ಮೊದಲೇ ಬಿಡಿಸಿಟ್ಟಿರುತ್ತಾಳೆ ಎಂಬುದು ನನ್ನ ಗುಮಾನಿ.

ನಮ್ಮದು ಐದು ಮನೆ ಅಡ್ಡ, ಐದು ಮನೆ ಉದ್ದದ ಪದಬಂಧ. ಮಕ್ಕಳ ಗಣಿತದ ಚೌಕಳಿ ನೋಟ್‌ಬುಕ್ಕಿನ ಹಾಳೆಯಲ್ಲಿ ಸಂಜೆ ನಾನೇ ಕಟ್ಟಿ ಅವರ ಮನೆಗೆ ಮುಟ್ಟಿಸುತ್ತೇನೆ. ಮರುದಿನ ಬೆಳಗಿನ ಅಡ್ಡಾಟ ಮುಗಿಸಿ ಅಲ್ಲೇ ಕಾಫಿಗೆ ಕೂತು ಉತ್ತರ ಬಿಡಿಸಿ ಹೇಳುತ್ತೇನೆ. ಇಷ್ಟು ಚಿಕ್ಕದ್ದೇ ಯಾಕೆ ಎಂದು ಕೇಳಿದವರಿದ್ದಾರೆ. ಭಾನುವಾರದ ಪುರವಣಿಯ ದೊಡ್ಡ ಪದಬಂಧದಲ್ಲಿ ಒಂದು ಸುಳಿವು ಸಪ್ಪೆಯಾದರೆ ಪಕ್ಕದ್ದು ಕಾಪಾಡುತ್ತದೆ. ಐದು ಮನೆಯ ಪದಬಂಧದಲ್ಲಿ ಅಡಗಲು ಜಾಗವಿಲ್ಲ. ಇರುವುದೇ ಏಳೆಂಟು ಪದ. ಪ್ರತಿಯೊಂದೂ ತನ್ನ ಕೂಲಿ ತಾನೇ ದುಡಿಯಬೇಕು. ಬಿಡಿಸಿ ಹೇಳುವುದಕ್ಕೂ ಅದೇ ಹದ: ಒಂದು ಲೋಟ ಕಾಫಿ ಖಾಲಿಯಾಗುವುದರೊಳಗೆ ಮುಗಿಯುತ್ತದೆ. ಭಾವ ತಗಾದೆ ತೆಗೆದರೆ ಎರಡು ಲೋಟ.

ಈ ಆಟ ಹುಟ್ಟಿದ್ದೇ ಹೊತ್ತು ಕಳೆಯಲು. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಪುರವಣಿಗೆ ವಜ್ರಾಕಾರದ ಒಂದು ಪದಬಂಧ ಕಟ್ಟಿಕೊಟ್ಟ. ಪುರವಣಿಯ ಹೆಸರು ‘ಫನ್’. ಆ ಮೂರಕ್ಷರವನ್ನು ಓದುಗರಿಗೆ ಮೊದಲೇ ತುಂಬಿ ಕೊಟ್ಟಿದ್ದ. 1924ರಲ್ಲಿ ಸೈಮನ್ ಅಂಡ್ ಶುಸ್ಟರ್ ಎಂಬ ಹೊಸ ಪ್ರಕಾಶನ ಸಂಸ್ಥೆ ಮೊದಲ ಪದಬಂಧ ಪುಸ್ತಕವನ್ನು ಪೆನ್ಸಿಲ್ ಲಗತ್ತಿಸಿ ಮಾರಿ ಗೆದ್ದಿತು. ಅದೇ ವರ್ಷ ‘ನ್ಯೂಯಾರ್ಕ್ ಟೈಮ್ಸ್’ ಇದೆಲ್ಲ ಪಾಪದ ಕಾಲಹರಣ ಎಂದು ಬುದ್ಧಿ ಹೇಳಿತು. ಆಮೇಲೆ 1942ರಲ್ಲಿ, ಯುದ್ಧದ ಸುದ್ದಿಯಿಂದ ಜನ ಕಂಗಾಲಾಗಿದ್ದಾಗ, ತಾನೂ ಪದಬಂಧ ಶುರು ಮಾಡಿತು. ಈಗ ಅದೇ ಪತ್ರಿಕೆಯದ್ದು 2014ರಿಂದ ದಿನಕ್ಕೊಂದು ‘ಮಿನಿ’ ಬರುತ್ತದೆ. ಬಹಳಷ್ಟು ದಿನ ಅದೂ ಐದಕ್ಕೈದೇ. ಗಡಿಯಾರ ಓಡಿಸಿಕೊಂಡು ಇಷ್ಟು ಸೆಕೆಂಡಿನಲ್ಲಿ ಮುಗಿಸಿದೆ ಎಂದು ಬೀಗುವವರೇ ಅದಕ್ಕೆ ಹೆಚ್ಚು. ನನಗೆ ಆ ಧಾವಂತ ಒಗ್ಗುವುದಿಲ್ಲ. ಓಡುವವನು ಸುಳಿವಿನ ಹೆಣಿಗೆಯನ್ನು ನೋಡುವುದು ಯಾವಾಗ?

ಕನ್ನಡದಲ್ಲಿ ಈ ಹೆಣಿಗೆಯನ್ನು ನಿತ್ಯದ ಕಾಯಕ ಮಾಡಿಕೊಂಡವರು ಅ.ನಾ. ಪ್ರಹ್ಲಾದರಾವ್. ಕೋಲಾರ ಕಡೆಯವರು, ಅವರು ಕಟ್ಟಿದ ಪದಬಂಧಗಳ ಸಂಖ್ಯೆ ಹತ್ತಾರು ಸಾವಿರ. ಡಾ. ರಾಜ್‌ಕುಮಾರ್ ಅವರ ಜೀವನ ಚರಿತ್ರೆ ‘ಬಂಗಾರದ ಮನುಷ್ಯ’ವನ್ನು ಬರೆದವರೂ ಅವರೇ. ಮೊನ್ನೆಯ ನನ್ನ ಪದಬಂಧದ ಮೊದಲ ಸುಳಿವಿಗೆ ಅದೇ ಎರಡು ಪದ ಎತ್ತಿಕೊಂಡೆ. ನಡೆದದ್ದನ್ನು ಹೇಳುವ ಮೊದಲು ಸುಳಿವುಗಳನ್ನು ಇಲ್ಲಿಡುತ್ತೇನೆ. ಬೇಕಾದವರು ಪೆನ್ಸಿಲ್ ಹುಡುಕಿಕೊಳ್ಳಬಹುದು.

ಎಡದಿಂದ ಬಲಕ್ಕೆ: 1. ಬಂಗಾರದ ಮನುಷ್ಯ, ರಾಗಿಯ ಪರ ವಕೀಲ (5). 4. ಅರಳುವ ಮೊದಲೇ ಅಡುಗೆಮನೆ ಸೇರಿದ ಮೊಗ್ಗು (3). 5. ಹಾಡುವವನು ಇದನ್ನು ಕಾಯುತ್ತಾನೆ, ಶಿವ ಇದನ್ನು ಮಾಡುತ್ತಾನೆ (2). 6. ಬುಡದಲ್ಲೇ ಕತ್ತಲೆ ಇಟ್ಟುಕೊಂಡದ್ದು (2).

ಮೇಲಿನಿಂದ ಕೆಳಕ್ಕೆ: 1. ಕೈ ಕ್ಷೇಮವೇ? ಚನ್ನಪಟ್ಟಣದ ಬೊಂಬೆಯವರ ಕಲೆ ಇದು (5). 2. ಸೇವಕ ಮಲಗಿದ ಜಾಗದಲ್ಲಿ ಅರಳಿದ್ದು (3). 3. ದನಿ ಇಲ್ಲದ ಸಪ್ತಸ್ವರ (5).

ಮೇಲಿನ ಸಾಲು ಪೂರ್ತಿ ಐದೂ ಮನೆ ಖಾಲಿ. ಅದರ ಒಂದು, ಮೂರು, ಐದನೇ ಮನೆಗಳಿಂದ ಕೆಳಗಿಳಿಯುವ ಮೂರು ಪದ. ನಡುಸಾಲಿನ ಬಲಗಡೆಯ ಮೂರು ಮನೆಗೆ ನಾಲ್ಕನೇ ಸುಳಿವು, ಕೊನೆಯ ಸಾಲಿನ ಎಡ ಬಲ ತುದಿಗಳಿಗೆ ಐದು ಮತ್ತು ಆರು. ಉಳಿದದ್ದು ಕಪ್ಪು.

ಭಾವ ಪೆನ್ನಿನಲ್ಲೇ ಬರೆಯುತ್ತಾರೆ. ಪೆನ್ಸಿಲ್ ಹಿಡಿದರೆ ತಮ್ಮ ಮೇಲೆ ತಮಗೇ ನಂಬಿಕೆ ಇಲ್ಲದ ಹಾಗಾಗುತ್ತದಂತೆ. ‘ಬಂಗಾರದ ಮನುಷ್ಯ’ ಎಂದು ಓದಿದ್ದೇ ತಡ, ಅದೇ ಹೆಸರಿನ 1972ರ ಸಿನಿಮಾ ಕಣ್ಣ ಮುಂದೆ ಬಂದು, ರಾಜ್‌ಕುಮಾರರ ರಾಜೀವಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಿಂತು, ಭಾವ ಠೀವಿಯಿಂದ ‘ರಾಜಕುಮಾರ’ ಎಂದು ಬರೆದರು. ರಾ, ಜ, ಕು, ಮಾ, ರ. ಲೆಕ್ಕ ಹಾಕಿದರೆ ಐದೇ ಅಕ್ಷರ. ಬೇಸಾಯಕ್ಕೆ ನಿಂತ ನಾಯಕ ರಾಗಿಯ ಪರ ಇರದೆ ಇನ್ಯಾರ ಪರ ಇದ್ದಾನು? ಅಲ್ಲಿಂದ ಎರಡನೆಯದಕ್ಕೆ ಇಳಿದರು. ‘ಕು’ದಿಂದ ಶುರುವಾಗಬೇಕು, ಅರಳಬೇಕು, ಮೂರಕ್ಷರ ಇರಬೇಕು. ‘ಕುಮುದ’! ಅದೂ ಕೂತಿತು. ಈಗ ನಾಲ್ಕನೆಯದು ‘ದ’ದಿಂದ ಶುರು, ಮೊಗ್ಗು, ಮೂರಕ್ಷರ. ಇಲ್ಲಿ ಸ್ವಲ್ಪ ತಡವರಿಸಿ ‘ದವನ’ ಎಂದು ತುಂಬಿದರಂತೆ. ದವನ ಮೊಗ್ಗಲ್ಲ, ಪರಿಮಳದ ಸೊಪ್ಪು. ಅಡುಗೆಮನೆಯ ಕಡೆ ಸುಳಿಯುವುದೂ ಇಲ್ಲ, ದೇವರ ಮನೆಗೋ ಹೂವಿನ ದಂಡೆಗೋ ಹೋಗುವಂಥದ್ದು. ಇಷ್ಟಾಗಿಯೂ ಭಾವ ಒಪ್ಪಿಕೊಂಡು ಮುಂದೆ ಹೋದದ್ದನ್ನು ನೋಡಿ: ಮೊದಲ ಉತ್ತರದ ಮೇಲಿನ ಮೋಹ ಎಂಥೆಂಥದ್ದನ್ನೆಲ್ಲ ಒಪ್ಪಿಸುತ್ತದೆ! ಕೊನೆಗೆ ತಡೆದು ನಿಲ್ಲಿಸಿದ್ದು ಮೂರನೆಯ ಸುಳಿವು. ರ ಏನೋ ನ ಏನೋ ಏನೋ. ಅಂಥ ಸಪ್ತಸ್ವರ ಯಾವ ಸಂಗೀತದಲ್ಲೂ ಇಲ್ಲ. ಬೆಳಗ್ಗೆ ನಾನು ಹೋಗುವಾಗ ಹಾಳೆಯ ತುಂಬ ನೀಲಿ ಗೀಟು.

“ಇದು ಮೋಸ ಕಣಯ್ಯಾ” ಎಂದರು ಭಾವ. “ರಾಜಕುಮಾರ ಅಲ್ಲದೆ ಇನ್ಯಾವನಯ್ಯಾ ಬಂಗಾರದ ಮನುಷ್ಯ?”

“ಬಂಗಾರಕ್ಕೆ ಇನ್ನೊಂದು ಹೆಸರು ಹೇಳಿ ಭಾವ.”

“ಚಿನ್ನ. ಸ್ವರ್ಣ. ಹೊನ್ನು. ಕನಕ...” ಎಂದವರು ಅಲ್ಲೇ ನಿಂತರು.

ಆ ನಿಲ್ಲುವ ಗಳಿಗೆ ಇದೆಯಲ್ಲ, ನಾನು ಪದಬಂಧ ಕಟ್ಟುವುದು ಅದಕ್ಕಾಗಿ. ಹುಬ್ಬು ಮೇಲೆ ಹೋಗುತ್ತದೆ, ಲೋಟ ತುಟಿಯ ಹತ್ತಿರ ಹೋಗದೆ ಅರ್ಧದಲ್ಲೇ ಉಳಿಯುತ್ತದೆ. ಮುಂದಿನದನ್ನು ನಾನು ಹೇಳಬೇಕಾಗಿಯೇ ಇರಲಿಲ್ಲ, ಆದರೂ ಹೇಳಿದೆ. ಬಾಡದ ತಿಮ್ಮಪ್ಪ ನಾಯಕನಿಗೆ ನೆಲದಲ್ಲಿ ಹೊನ್ನಿನ ಕೊಪ್ಪರಿಗೆ ಸಿಕ್ಕಿತು, ಅದರಿಂದ ಕನಕನಾದ, ಆಮೇಲೆ ಹರಿದಾಸನಾದ ಎಂದು ಐತಿಹ್ಯ. ಅಲ್ಲಿಗೆ ಬಂಗಾರವೂ ಆಯಿತು, ಮನುಷ್ಯನೂ ಆದ. ಇನ್ನು ವಕಾಲತ್ತು. ‘ರಾಮಧಾನ್ಯಚರಿತೆ’ಯಲ್ಲಿ ವ್ರೀಹಿಗೂ ನರೆದಲಗನಿಗೂ, ಎಂದರೆ ಭತ್ತಕ್ಕೂ ರಾಗಿಗೂ, ಯಾರು ಹೆಚ್ಚೆಂದು ಜಗಳ ಹತ್ತುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಹೋದ ಹಾಗೇ ಬರುತ್ತದೆ. ಮೇಲ್ಜಾತಿಯ ಅನ್ನದ ಎದುರು ಬಡವರ ರಾಗಿಯನ್ನು ಗೆಲ್ಲಿಸಿದ ಕವಿಯನ್ನು ವಕೀಲ ಎಂದದ್ದು ಅತಿಶಯವೇನಲ್ಲ. ಸುಳಿವಿನ ಎರಡು ಭಾಗವೂ ಒಬ್ಬನ ಮನೆಯ ಬಾಗಿಲಿಗೇ ತಂದು ನಿಲ್ಲಿಸುತ್ತವೆ: ಕನಕದಾಸ.

ಭಾವ ಸುಮ್ಮನಾದರು ಎಂದುಕೊಳ್ಳಬೇಡಿ. “ಹಾಗಾದರೆ ರಾಜಕುಮಾರನೂ ಸರಿ, ಕನಕದಾಸನೂ ಸರಿ. ಎರಡು ಉತ್ತರ ಬರುವ ಲೆಕ್ಕ ಕೊಡಬಾರದು” ಎಂದರು. ಎರಡು ಉತ್ತರ ಬರುವುದಿಲ್ಲ. ಸಿನಿಮಾದ ರಾಜೀವಪ್ಪ ಬರಡು ನೆಲವನ್ನು ಹಸಿರು ಮಾಡಿದ್ದು ನಿಜ. ರಾಗಿಯ ಪರ ವಾದ ಮಾಡಿದ ದೃಶ್ಯ ಅದರಲ್ಲಿಲ್ಲ. ಸುಳಿವಿನ ಮೊದಲರ್ಧ ದಾರಿ ತಪ್ಪಿಸಲಿ. ಅಷ್ಟು ಸ್ವಾತಂತ್ರ್ಯ ಕಟ್ಟುವವನಿಗೆ ಇರಬೇಕು. ಉಳಿದರ್ಧ ಓದಿದವನನ್ನು ವಾಪಸು ದಾರಿಗೆ ತರಬೇಕು. ಇಂಗ್ಲಿಷಿನ ಗೂಢ ಪದಬಂಧದವರು ಇದನ್ನು ನಿಯಮವನ್ನೇ ಮಾಡಿಟ್ಟಿದ್ದಾರೆ. ಅಫ್ರಿತ್ ಎಂಬ ಹೆಸರಿನಲ್ಲಿ ಪದಬಂಧ ಕಟ್ಟುತ್ತಿದ್ದ ಎ.ಎಫ್. ರಿಚಿ 1949ರ ತನ್ನ ಪುಸ್ತಕದಲ್ಲಿ ಹೇಳಿದ್ದರ ಸಾರ ಇದು: ಓದಿದವನು ಬೇರೆಯದನ್ನೇ ಅರ್ಥ ಮಾಡಿಕೊಂಡರೆ ಅದು ಅವನ ಪಾಡು, ಕಟ್ಟಿದವನ ಮನಸ್ಸಿನಲ್ಲಿದ್ದದ್ದು ಮಾತ್ರ ಸುಳಿವಿನ ಪದಗಳಲ್ಲೇ ಇರಬೇಕು. ಇದನ್ನು ಭಾವನಿಗೆ ಹೇಳಿದೆ. ಇಂಗ್ಲೆಂಡಿನವನ ಸಾಕ್ಷಿ ಕರೆತಂದದ್ದು ಅವರಿಗೆ ಹಿಡಿಸಲಿಲ್ಲ.

ಭಾವನ ಸಂಕಟಕ್ಕೆ ಅರ್ಧ ಕಾರಣ ನಮ್ಮ ಲಿಪಿ ಎನ್ನಬೇಕು. ರೋಮನ್ ಅಕ್ಷರದ ಪದಬಂಧದಲ್ಲಿ ಒಂದು ಮನೆಗೆ ಬರಬಹುದಾದದ್ದು 26ರಲ್ಲಿ ಒಂದು. ನಮ್ಮಲ್ಲಿ ಗುಣಿತಾಕ್ಷರವೇ ಒಂದು ಮನೆ. ಮೂವತ್ನಾಲ್ಕು ವ್ಯಂಜನಗಳನ್ನು ಹದಿಮೂರು ಸ್ವರಗಳಿಂದ ಗುಣಿಸಿದರೆ, ಒತ್ತಕ್ಷರ ಬಿಟ್ಟು, ಸೊನ್ನೆ ಬಿಟ್ಟು, 442. ‘ಕ’ ಬೇರೆ, ‘ಕು’ ಬೇರೆ, ‘ಕೂ’ ಬೇರೆ, ‘ಕಂ’ ಬೇರೆ, ‘ಕ್ಕ’ ಬೇರೆ. ಅಡ್ಡಪದವೂ ಉದ್ದಪದವೂ ಕೂಡುವ ಮನೆಯಲ್ಲಿ ಅಕ್ಷರವೊಂದೇ ಹೊಂದಿದರೆ ಸಾಲದು. ಕೊಂಬು, ದೀರ್ಘ, ಸೊನ್ನೆ, ಒತ್ತು ಎಲ್ಲವೂ ಹೊಂದಬೇಕು. ಕನ್ನಡದ ಪದಬಂಧಗಳಲ್ಲಿ ಕಪ್ಪು ಮನೆ ಹೆಚ್ಚು ಕಾಣುವುದು ಇದರಿಂದಲೇ. ಕಟ್ಟುವವನ ಸೋಮಾರಿತನ ಎಂದು ಬೈಯಬೇಡಿ. ಭಾವನ ‘ಕು’ ಇರುವ ಕಡೆ ನನ್ನದು ‘ಕ’ ಇತ್ತು. ಒಂದು ಕೊಂಬಿನ ವ್ಯತ್ಯಾಸ, ಕಮಲ ಹೋಗಿ ಕುಮುದ ಬಂತು. ಕಮಲ ಅರಳುವುದು ಹಗಲು, ಕುಮುದ ಅರಳುವುದು ರಾತ್ರಿ, ಅಷ್ಟು ದೂರ!

ಲಿಪಿ ಇಷ್ಟು ಬಿಗಿಯಾಗಿರುವುದರಿಂದಲೇ ಒಮ್ಮೊಮ್ಮೆ ಸಿಗುವ ಹೊಂದಾಣಿಕೆ ಕುಣಿದಾಡುವಷ್ಟು ಖುಷಿ ಕೊಡುತ್ತದೆ. ಪ್ರಾಚೀನ ರೋಮನ್ ನಗರ ಪಾಂಪೆಯಲ್ಲಿ ಐದಕ್ಕೈದರ ಲ್ಯಾಟಿನ್ ಪದಚೌಕ ಸಿಕ್ಕಿದೆ. ಮೇಲಿನಿಂದ, ಕೆಳಗಿನಿಂದ, ಎಡದಿಂದ, ಬಲದಿಂದ, ಎತ್ತ ಓದಿದರೂ ಅವೇ ಐದು ಪದ. ಅದನ್ನು ನೋಡಿ ಹೊಟ್ಟೆಕಿಚ್ಚಾಗಿ ಕನ್ನಡದಲ್ಲಿ ಐದಕ್ಕೈದರ ಆಸೆ ಕೈಬಿಟ್ಟು ಮೂರಕ್ಕೆ ಮೂರು ಹುಡುಕುತ್ತ ಕೂತಿದ್ದಾಗ ಇದು ಸಿಕ್ಕಿತು: ಸರಸ, ರಜನಿ, ಸನಿಹ. ಒಂದರ ಕೆಳಗೊಂದು ಬರೆದು ನೋಡಿ. ಅಡ್ಡ ಓದಿದರೂ ಉದ್ದ ಓದಿದರೂ ಅವೇ ಮೂರು. ಮೂರೂ ಒಂದೇ ಕೋಣೆಯಲ್ಲಿ ಇರಬೇಕಾದ ಪದಗಳು ಎಂಬುದು ಆಮೇಲೆ ಹೊಳೆಯಿತು. ಭಾವನಿಗೆ ತೋರಿಸಲು ಸಂಕೋಚವಾಗಿ ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲೇ ಬಿಟ್ಟಿದ್ದೇನೆ.

ಮೊನ್ನೆಯದಕ್ಕೆ ಬರೋಣ. ಮೇಲಿನಿಂದ ಕೆಳಕ್ಕೆ ಒಂದನೆಯದು ನನಗೆ ಬಹಳ ಪ್ರೀತಿಯ ಬಗೆ: ಪದವನ್ನು ಕಡಿದು ಎರಡು ತುಂಡು ಮಾಡುವುದು. ಕೈ ಎಂದರೆ ಕರ, ಕ್ಷೇಮ ಎಂದರೆ ಕುಶಲ. ಜೋಡಿಸಿದರೆ ಕರಕುಶಲ. ದಿನಾ ಬಾಯಲ್ಲಿ ಬರುವ ಪದ. ಅದರೊಳಗೆ ಒಬ್ಬರು ಇನ್ನೊಬ್ಬರ ಕೈಯ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ ಎಂದು ಯಾರು ನೆನೆಸುತ್ತಾರೆ? ಚನ್ನಪಟ್ಟಣದಲ್ಲಿ ತಿರುಗುವ ಮರದ ತುಂಡಿಗೆ ಅರಗಿನ ಬಣ್ಣ ಹಿಡಿಯುವವರಿಗೆ ಮಾತ್ರ ಆ ಪ್ರಶ್ನೆ ಸುಮ್ಮನೆ ಕೇಳುವಂಥದ್ದಲ್ಲ. ಕೈ ನೆಟ್ಟಗಿದ್ದರೆ ತಾನೇ ಬೊಂಬೆ? ಸುಳಿವು ಬರೆದು ಒಣಗಲು ಬಿಟ್ಟ ಮೇಲೆ ಹೊಳೆದ ಅರ್ಥ ಇದು. ಕೆಲವು ಸುಳಿವುಗಳು ಕಟ್ಟಿದವನಿಗಿಂತ ಜಾಣವಾಗಿರುತ್ತವೆ.

ಎರಡನೆಯದು ಅಡಗಿಸಿಡುವ ಬಗೆ. “ಸೇವಕ ಮಲಗಿದ ಜಾಗದಲ್ಲಿ ಹೂವು ಅರಳುವುದಕ್ಕೆ ಅವನೇನು ಗೊಬ್ಬರ ಹಾಕಿದ್ದನೇ?” ಎಂದು ಭಾವ ಗುಡುಗಿದರು. ಅವರಿಗೆ ನಾನು ಏನೂ ಹೇಳಲಿಲ್ಲ. ಪೆನ್ನು ತೆಗೆದುಕೊಂಡು ‘ಸೇವಕ ಮಲಗಿದ’ ಎಂದು ಬರೆದು, ‘ಸೇವ’ದ ಮೇಲೆ ಒಂದು ಗೀಟು, ‘ಗಿದ’ದ ಮೇಲೆ ಒಂದು ಗೀಟು ಎಳೆದೆ. ಉಳಿದದ್ದು ಕ, ಮ, ಲ. ಆ ಮೂರಕ್ಷರ ಹಿಂದಿನ ಸಂಜೆಯಿಂದ ಅವರ ಕಣ್ಣೆದುರೇ ಇತ್ತು. ಭಾವ ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಕನ್ನಡಕ ತೆಗೆದು, ಹಾಕಿ ನೋಡಿದರು. ಬಿಡಿಸಿ ಹೇಳುವವನ ಪಾಲಿಗೆ ಇದಕ್ಕಿಂತ ದೊಡ್ಡ ಸಂಭಾವನೆ ಇಲ್ಲ. ಮಾತಿಲ್ಲದೆ, ಎರಡು ಗೀಟಿನಲ್ಲಿ ಮುಗಿಯಬೇಕು.

ನನ್ನದೊಂದು ಅಳತೆ ಇದೆ. ಉತ್ತರವನ್ನು ಸಮರ್ಥಿಸಲು ಎರಡು ಉಸಿರಿಗಿಂತ ಹೆಚ್ಚು ಮಾತು ಬೇಕಾದರೆ ಆ ಸುಳಿವು ಹದ ತಪ್ಪಿದೆ. ಇಡೀ ಅಮರಕೋಶ ಎಳೆದು ತಂದು ‘ಹೀಗೂ ಒಂದು ಅರ್ಥ ಇದೆಯಂತೆ’ ಎನ್ನಬೇಕಾದ ಸುಳಿವನ್ನು ನಾನೇ ಹೊಡೆದು ಹಾಕುತ್ತೇನೆ. ಬಿಡಿಸಿ ಹೇಳಲು ಏನೂ ಇಲ್ಲದ ಸುಳಿವೂ ಅಷ್ಟೇ ಕೆಟ್ಟದ್ದು. ‘ಆನೆ (2)’ ಎಂದು ಕೊಟ್ಟರೆ ಏನು ಬರೆಯುವುದು? ಕರಿ? ಗಜ? ಇಭ? ಈ ‘ಇಭ’ ಎಂಬ ಪ್ರಾಣಿಯನ್ನು ಕಾಡಿನಲ್ಲೂ ಕಂಡವರಿಲ್ಲ, ನಾಡಿನಲ್ಲೂ ಕಂಡವರಿಲ್ಲ. ಪದಬಂಧದ ಎರಡು ಮನೆಯಲ್ಲಿ ಮಾತ್ರ ಅದರ ವಾಸ. ಸಮಾನಾರ್ಥಕ ಪದಗಳ ಪಟ್ಟಿ ಬಾಯಿಪಾಠ ಇದ್ದವನಿಗೆ ಅಂಥ ಪದಬಂಧ ಸಲೀಸು. ನೂರಾರು ಪದ ನೆನಪಿಗೆ ಬರುತ್ತವೆ ಎಂಬ ಉಪಕಾರ ಅದರಿಂದ ಖಂಡಿತ ಇದೆ. ನಮ್ಮಜ್ಜಿ ನಿಘಂಟು ಮುಟ್ಟದೆ ಹಾಗೆ ಕಲಿತ ಪದಗಳು ಎಷ್ಟೋ. ಆದರೆ ಮರುದಿನ ಅದರ ಬಗ್ಗೆ ಮಾತಾಡಲು ಏನಿದೆ? ಕರಿ ಎಂದರೆ ಆನೆ. ಮುಗಿಯಿತು, ಕಾಫಿ ಇನ್ನೂ ಬಿಸಿಯಾಗೇ ಇದೆ.

ನಾಲ್ಕನೆಯದು ಲವಂಗ. ಅದರ ಬಗ್ಗೆ ಜಗಳವಾಗಲಿಲ್ಲ. ಅಂಗಡಿಯಲ್ಲಿ ತೂಗಿ ಕೊಡುವ ಲವಂಗ ಅರಳದ ಹೂವಿನ ಒಣಗಿದ ಮೊಗ್ಗು ಎಂದಾಗ ಭಾವ “ಹೌದೇನೇ?” ಎಂದು ಅಡುಗೆಮನೆಯ ಕಡೆ ತಿರುಗಿ ಕೇಳಿದರು. ಅಕ್ಕ ಡಬ್ಬಿಯಿಂದ ಒಂದು ತೆಗೆದು ತಂದು ಅಂಗೈ ಮೇಲಿಟ್ಟಳು. ನಾಲ್ಕು ಚೂಪು ತುದಿಗಳ ನಡುವೆ ಬಿಚ್ಚದ ದುಂಡನೆಯ ತಲೆ. ನೋಡಿದ ಮೇಲೆ ಭಾವ ಅದನ್ನು ಬಾಯಿಗೆ ಹಾಕಿಕೊಂಡದ್ದರಿಂದ ಸಾಕ್ಷ್ಯ ನಾಶವಾಯಿತು.

ಐದನೆಯದರ ಮೇಲೆ ನನಗೆ ಸ್ವಲ್ಪ ಹೆಮ್ಮೆ ಇತ್ತು. ಒಂದೇ ಪದಕ್ಕೆ ಎರಡು ಮುಖ. ಎರಡೂ ಒಂದೇ ಸಾಲಿನಲ್ಲಿ. ಹಾಡುವವನು ಕೈತಾಳದಲ್ಲಿ ಲಯ ಕಾಯುತ್ತಾನೆ, ತಪ್ಪಿದರೆ ಕಛೇರಿಯೇ ಕೆಡುತ್ತದೆ. ಸೃಷ್ಟಿ, ಸ್ಥಿತಿ, ಲಯ ಎಂಬ ಮೂರು ಇಲಾಖೆಗಳಲ್ಲಿ ಮೂರನೆಯದು ಶಿವನದ್ದು. ಒಬ್ಬ ಕಾಯುವುದನ್ನೇ ಇನ್ನೊಬ್ಬ ಮಾಡಿ ಮುಗಿಸುತ್ತಾನೆ. ಭಾವ ಇದಕ್ಕೆ ತಲೆಯಾಡಿಸಿದರು. ತಲೆಯಾಡಿಸಿ, “ಇದೊಂದು ಬರೀತೀಯ ನೋಡು, ಇಂಥದ್ದು” ಎಂದರು. ನಾನು ಬಹಳ ಹೊತ್ತು ಮೆಲುಕು ಹಾಕಿದ ಮಾತು.

ಇದನ್ನೆಲ್ಲ ಹೊರಗಿನಿಂದ ಬಂದ ಆಟ ಎಂದು ನಾನು ತಿಳಿದಿಲ್ಲ. ಚೌಕದ ಗೆರೆ ಹೊರಗಿನದಿರಬಹುದು, ಗೂಢವಾಗಿ ಹೇಳುವ ಚಟ ನಮ್ಮದೇ. ಮೊನ್ನೆಯ ಮೊದಲ ಉತ್ತರವೇ ಸಾಕ್ಷಿ: ಕನಕದಾಸರ ಮುಂಡಿಗೆಗಳು ಮೇಲುನೋಟಕ್ಕೆ ಅಸಂಬದ್ಧ, ಒಳಗೆ ಹೊಕ್ಕರೆ ಒಂದೊಂದು ಪದಕ್ಕೂ ಕೀಲಿಕೈ ಬೇರೆ. ಒಂದು ದೇವರನ್ನು ಹೆಸರಿಸಲು ಅವರು ಒಂದು ವಾಹನ, ಅದರ ವೈರಿ, ಆ ವೈರಿಯನ್ನು ಹಾಸಿಕೊಂಡವನು ಎಂದು ಮೆಟ್ಟಿಲಿಳಿದು ಹೋಗುತ್ತಾರೆ. ಕೇಳಿದವನು ಒಂದೊಂದೇ ಮೆಟ್ಟಿಲು ಎಣಿಸಿಕೊಂಡು ತಲುಪಬೇಕು. ಅಲ್ಲಮನ ಬೆಡಗಿನ ವಚನಗಳದ್ದು ಇನ್ನೂ ಆಳದ ವ್ಯವಹಾರ. ಅವುಗಳಿಗೆ ಟೀಕೆ ಬರೆದವರಿದ್ದಾರೆ. ಇದು ಹೀಗೆಂದರೆ ಹೀಗೆ, ಅದು ಹಾಗೆಂದರೆ ಹಾಗೆ ಎಂದು ಪದಪದ ಬಿಡಿಸಿಟ್ಟ ಆ ಟೀಕಾಕಾರರು ನನಗೆ ತೀರ ಹತ್ತಿರದವರು ಅನ್ನಿಸುತ್ತದೆ. ವಚನಕಾರನ ಎತ್ತರ ಅವರಿಗೆ ಇರಲಿಕ್ಕಿಲ್ಲ. ಆದರೆ ಕಗ್ಗಂಟು ಬಿಚ್ಚಿಕೊಂಡಾಗ ಬೆರಳ ತುದಿಗೆ ಆಗುವ ಸುಖ ಅವರದ್ದೇ. ಬೆಡಗನ್ನು ಬಿಡಿಸಿದರೆ ಅದರ ಸೊಗಸು ಹೋಗುತ್ತದೆ ಎನ್ನುವವರಿದ್ದಾರೆ. ಬೆಡಗಿನ ಬಗ್ಗೆ ನಾನು ಏನೂ ಹೇಳಲಾರೆ. ಪದಬಂಧದ ಮಟ್ಟಿಗೆ ಮಾತ್ರ, ಬಿಡಿಸಿ ಹೇಳಿದ ಮೇಲೆ ಸೊಗಸು ಹೆಚ್ಚಿದ ಸುಳಿವುಗಳನ್ನೇ ನಾನು ಇಟ್ಟುಕೊಳ್ಳುವುದು.

ಹಾಗೆ ಇಟ್ಟುಕೊಂಡದ್ದರಲ್ಲಿ ‘ದನಿ ಇಲ್ಲದ ಸಪ್ತಸ್ವರ’ವೂ ಒಂದು. ದನಿಯೇ ಇಲ್ಲದೆ ಸ್ವರ ಎಲ್ಲಿಂದ ಬಂತು ಎಂದು ಓದಿದವನು ಬೆಪ್ಪಾಗಬೇಕು. ಆಮೇಲೆ ಏಳು ಸ್ವರಗಳನ್ನು ಬರೆದು, ಕೊನೆಯ ಎರಡನ್ನು, ಎಂದರೆ ‘ದ’ವನ್ನೂ ‘ನಿ’ಯನ್ನೂ, ತೆಗೆದುಹಾಕಬೇಕು. ಉಳಿಯುವುದು ಸರಿಗಮಪ; ಟಿವಿಯ ಹಾಡಿನ ಸ್ಪರ್ಧೆಯಿಂದಾಗಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಪದ. ನಾನು ಇಷ್ಟು ಹೇಳುವಷ್ಟರಲ್ಲಿ ಭಾವ ನೆಟ್ಟಗೆ ಕೂತರು.

“ತಪ್ಪು. ಶುದ್ಧ ತಪ್ಪು. ಅದು ಧೈವತ. ಮಹಾಪ್ರಾಣ. ಸರಿಗಮಪ‘ಧ’ನಿ. ನೀನು ತೆಗೆದದ್ದು ದನಿ ಅಲ್ಲ, ಧನಿ. ಧನಿ ಅಂದರೆ ದುಡ್ಡಿರೋನು.”

“ಹಾಗಾದರೂ ಸುಳಿವು ನಿಲ್ಲುತ್ತದಲ್ಲ ಭಾವ. ಸಪ್ತಸ್ವರ ಇರುವ ಮನೆಯಲ್ಲಿ ದುಡ್ಡಿರೋನು ಎಲ್ಲಿರ್ತಾನೆ?”

“ಚೇಷ್ಟೆ ಬೇಡ. ಹೊಡೆದು ಹಾಕು ಅದನ್ನ.”

ಇಲ್ಲಿ ನಾನು ಬಗ್ಗುವವನಲ್ಲ. ಧೈವತದ ‘ಧ’ ಶಾಸ್ತ್ರಕ್ಕೆ ಸರಿ. ಹಾಡುವ ಬಾಯಲ್ಲಿ, ಪಾಠದ ಪುಸ್ತಕಗಳಲ್ಲಿ, ಅದು ‘ದ’ ಎಂದೇ ಓಡಾಡಿಕೊಂಡಿದೆ. ಪದಬಂಧ ಬರೆಯುವುದು ಜನ ಆಡುವ ಕನ್ನಡದಲ್ಲಿ. ಶಾಸ್ತ್ರ ಅದಕ್ಕೆ ಅತಿಥಿ, ಯಜಮಾನ ಅಲ್ಲ. ಹೀಗೆಂದು ನಾನು ಭಾಷಣ ಶುರು ಮಾಡಿದ್ದೆ. ಅಷ್ಟರಲ್ಲಿ ಅಕ್ಕ ಹುರುಳಿಕಾಯಿಯ ತಟ್ಟೆ ಕೆಳಗಿಟ್ಟಳು.

“ನಮ್ಮ ಪಾಠದ ಟೀಚರು ‘ದ’ ಅಂತಲೇ ಬರೆಸಿದ್ದರು ರೀ. ಸರಳೆ, ಜಂಟಿವರಿಸೆ, ಎಲ್ಲಾ ‘ದ’ವೇ. ಅದು ಬಿಡಿ. ಲೋ, ಆರನೇದು ಏನೋ ಅದು? ಬುಡದಲ್ಲೇ ಕತ್ತಲೆ ಅಂತೆ. ಗಾದೆ ಗೊತ್ತಿರೋ ಯಾರಾದರೂ ದೀಪ ಅಂತ ಬರೀತಾರೆ. ಅದರಲ್ಲಿ ಬಿಡಿಸೋಕೆ ಏನಿದೆ?”

ಏನೂ ಇರಲಿಲ್ಲ. ಬಲಗಡೆಯ ಮೂಲೆಯಲ್ಲಿ ‘ಪ’ ಬಂದು ನಿಂತಿತ್ತು, ಎರಡು ಮನೆ ಉಳಿದಿದ್ದವು, ಊಟದ ಹೊತ್ತಾಗಿತ್ತು. ಗಾದೆಯನ್ನು ಎತ್ತಿ ಹಾಕಿದ್ದೆ. “ನೀನಾಗಿದ್ದರೆ ಏನು ಹಾಕ್ತಿದ್ದೆ?” ಎಂದೆ.

ಅಕ್ಕ ಯೋಚಿಸಿದಂತೆಯೂ ಕಾಣಲಿಲ್ಲ. “ಒತ್ತು ಕಳಕೊಂಡ ನಡುಗಡ್ಡೆಯಲ್ಲಿ ಬೆಳಕು” ಎಂದಳು.

ನಾನು ಹಾಳೆಯ ಮೂಲೆಯಲ್ಲಿ ‘ದ್ವೀಪ’ ಎಂದು ಬರೆದು ‘ವ’ ಒತ್ತನ್ನು ಹೊಡೆದೆ. ಒಂದೇ ಗೀಟು. ಭಾವ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ನೋಡಿ, “ಇಷ್ಟು ಚೆನ್ನಾಗಿ ಬರುತ್ತೆ ಅಂದಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲವೇ ನೀನು?” ಎಂದರು.

“ಕೇಳಿದ್ದು ಯಾರು? ನಿಮ್ಮಿಬ್ಬರ ಜಗಳದಲ್ಲಿ ಬಾಯಿ ಹಾಕೋಕೆ ಜಾಗ ಎಲ್ಲಿತ್ತು?” ಎಂದು ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹೋಗುತ್ತ, ಸಂಜೆಯ ಪದಬಂಧ ತಾನು ಕಟ್ಟುತ್ತೇನೆ, ನೋಟ್‌ಬುಕ್ಕು ಇಲ್ಲೇ ಬಿಟ್ಟು ಹೋಗು ಎಂದಳು. ಕೊನೆಯ ಪುಟ ಹರಿದುಕೊಂಡು ಬಿಟ್ಟು ಬಂದೆ.